ತರ್ಕಶಾಸ್ತ್ರದ ಮಗುಚಿದ ಅಕ್ಷರಗಳು

ಪ್ರೌಢಶಾಲೆಯನ್ನು ಕನ್ನಡ ಮಾಧ್ಯಮದಲ್ಲಿ ಮುಗಿಸಿ ಪದವಿಪೂರ್ವ ವಿಜ್ಞಾನ ತರಗತಿಗೆ ಬರುವ ವಿದ್ಯಾರ್ಥಿಗಳು ಅನೇಕ ತೊಡಕುಗಳನ್ನು ಎದುರಿಸಬೇಕಾಗುತ್ತದೆ. ಇಂಗ್ಲಿಷಿನ ತೊಡಕನ್ನು ಎಲ್ಲರೂ ಬಲ್ಲರು; ಅದನ್ನು ಕುರಿತು ಸಭೆಗಳೂ ನಡೆಯುತ್ತವೆ. ಆದರೆ ಯಾವ ಭಾಷೆಗೂ ಸೇರದ ಇನ್ನೊಂದು ತೊಡಕುಂಟು. ಗಣಿತದ ಪುಟದ ನಡುವೆ ಒಂದು ದಿನ ∀ ಎಂಬ ಆಕೃತಿ ಕಾಣಿಸಿಕೊಳ್ಳುತ್ತದೆ. ಕೆಲವು ಕಾಲದ ಮೇಲೆ ಅದರ ಜೊತೆಗೆ ∃ ಬರುತ್ತದೆ; ಬಳಿಕ →, ¬, ∧, ∨ ಮೊದಲಾದುವು ಒಂದೊಂದಾಗಿ ಬಂದು ಸೇರುತ್ತವೆ. ಪಾಠ ಹೇಳುವವರು ಮೊದಲನೆಯದನ್ನು ‘ಫಾರ್ ಆಲ್’ ಎಂದೂ ಎರಡನೆಯದನ್ನು ‘ದೇರ್ ಎಕ್ಸಿಸ್ಟ್ಸ್’ ಎಂದೂ ಓದಿ ಮುಂದೆ ಸಾಗುತ್ತಾರೆ. ಕೇಳುವವರು ಆ ಮಾತನ್ನು ಮಂತ್ರದಂತೆ ಬಾಯಿಪಾಠ ಮಾಡುತ್ತಾರೆ. ರಾಣೆಬೆನ್ನೂರಿನ ಸುತ್ತಣ ಹಳ್ಳಿಗಳಿಂದ ಬಂದ ಮಕ್ಕಳಿಗೆ ಭೌತವಿಜ್ಞಾನವನ್ನು ಬೋಧಿಸುವ ನನಗೆ ಇದು ಪ್ರತಿವರ್ಷದ ಅನುಭವ: ಚಿಹ್ನೆಯ ಹೆಸರು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ, ಆ ಚಿಹ್ನೆಯಿರುವ ಸಾಲು ಏನನ್ನು ಹೇಳುತ್ತದೆಯೆಂದು ಕೇಳಿದರೆ ತರಗತಿ ಮೌನವಾಗುತ್ತದೆ.

ಈ ಚಿಹ್ನೆಗಳು ಕಠಿಣವಲ್ಲ. ಅವನ್ನು ಓದಿಸುವ ಕ್ರಮ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ತರ್ಕದ ಚಿಹ್ನೆಗಳುಳ್ಳ ಸಾಲನ್ನು ಕನ್ನಡದ ಪೂರ್ಣವಾಕ್ಯವಾಗಿ ಬಾಯಿಬಿಟ್ಟು ಓದಬೇಕು. ಹಾಗೆ ಓದಲು ಬೇಕಾದ ಸಾಮಗ್ರಿಯೆಲ್ಲ ನಮ್ಮ ವ್ಯಾಕರಣದಲ್ಲಿ ಮೊದಲೇ ಸಿದ್ಧವಾಗಿದೆ. ಅಷ್ಟೇ ಅಲ್ಲ, ಕೆಲವೆಡೆ ಇಂಗ್ಲಿಷಿಗಿಂತ ಅಚ್ಚುಕಟ್ಟಾಗಿಯೂ ಇದೆ.

ಮೊದಲಿಗೆ ಚಿಹ್ನೆಗಳ ಹುಟ್ಟನ್ನು ನೋಡೋಣ. ಅವು ಅನಾದಿಯಲ್ಲ, ಒಂದೊಂದಕ್ಕೂ ತಂದೆಯುಂಟು, ತಿಥಿಯುಂಟು. ಸಮಚಿಹ್ನೆಯಾದ = ಎಂಬುದನ್ನು 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬಾತನು ಬಳಕೆಗೆ ತಂದನು. ಒಂದೇ ಉದ್ದದ ಎರಡು ಸಮಾಂತರ ರೇಖೆಗಳಿಗಿಂತ ಹೆಚ್ಚು ಸಮಾನವಾದ ವಸ್ತುಗಳು ಬೇರಿಲ್ಲವೆಂಬುದು ಅವನ ಸಮರ್ಥನೆ. ತರ್ಕಕ್ಕೆ ಚಿಹ್ನೆಗಳ ಒಂದು ಸಮಗ್ರ ಭಾಷೆಯನ್ನು ಕಟ್ಟಿದವನು ಜರ್ಮನಿಯ ಗೊಟ್ಲೋಬ್ ಫ್ರೇಗೆ. ಅವನ ಗ್ರಂಥ ಹೊರಬಿದ್ದುದು 1879ರಲ್ಲಿ. ಆದರೆ ಅವನ ಬರಹವು ಮರದ ಕೊಂಬೆಗಳಂತೆ ಪುಟದ ಉದ್ದಗಲಕ್ಕೂ ಹರಡುತ್ತಿದ್ದುದರಿಂದ ಅದನ್ನು ಬೇರೆಯವರು ಕೈಗೆತ್ತಿಕೊಳ್ಳಲಿಲ್ಲ. ಇಟಲಿಯ ಜುಸೆಪ್ಪೆ ಪೆಯಾನೊ 1897ರಲ್ಲಿ ∃ ಚಿಹ್ನೆಯನ್ನು ಬಳಸಿದನು. ‘ಇರು’ ಎಂಬರ್ಥದ ಯುರೋಪಿನ ಮಾತಿನ ಮೊದಲ ಅಕ್ಷರವನ್ನು ತಿರುಗಿಸಿಟ್ಟರೆ ಆದುದೇ ಅದು. ಹೊಸ ಅಚ್ಚುಮೊಳೆಯನ್ನು ಎರಕ ಹೊಯ್ಯುವ ಶ್ರಮವಿಲ್ಲ. ಇದನ್ನು ಅನುಸರಿಸಿ ಜರ್ಮನಿಯ ಗೆರ್ಹಾರ್ಡ್ ಗೆಂಟ್ಸೆನ್ 1935ರಲ್ಲಿ ‘ಎಲ್ಲ’ ಎಂಬರ್ಥದ ಜರ್ಮನ್ ಮಾತಿನ ಮೊದಲ ಅಕ್ಷರವನ್ನು ಮಗುಚಿ ∀ ಮಾಡಿದನು. ∨ ಎಂಬುದು ‘ಅಥವಾ’ ಎಂಬ ಅರ್ಥದ ಲ್ಯಾಟಿನ್ ಪದದ ಮೊದಲಕ್ಷರ. ರಸೆಲನ ಬರಹಗಳಿಂದ ಅದು ಪ್ರಚಾರಕ್ಕೆ ಬಂದಿತು. ಅದನ್ನು ತಲೆಕೆಳಗು ಮಾಡಿದ ∧ ಚಿಹ್ನೆಯನ್ನೂ ನಿಷೇಧದ ¬ ಚಿಹ್ನೆಯನ್ನೂ 1930ರಲ್ಲಿ ಹಾಲೆಂಡಿನ ಹೈಟಿಂಗ್ ಬಳಸಿದನು. ಇಷ್ಟನ್ನು ಹೇಳಲು ಕಾರಣವಿದೆ. ಇವುಗಳಲ್ಲಿ ಒಂದೂ ಇಂಗ್ಲಿಷಿನ ಸ್ವತ್ತಲ್ಲ. ಜರ್ಮನನು ಜರ್ಮನಿನಲ್ಲಿ, ಇಟಲಿಯವನು ತನ್ನ ನುಡಿಯಲ್ಲಿ ಓದಿಕೊಂಡ ಗುರುತನ್ನು ನಾವು ಮಾತ್ರ ಇಂಗ್ಲಿಷಿನಲ್ಲೇ ಓದಬೇಕೆಂಬ ವಿಧಿ ಎಲ್ಲಿಯದು?

ಚಿಹ್ನೆಗಳಿಂದ ಯೋಚಿಸುವುದು ನಮ್ಮ ಮಕ್ಕಳಿಗೆ ಹೊಸದೆಂದು ಹೇಳುವವರು ಕನ್ನಡದ ಛಂದಸ್ಸಿನ ಪಾಠವನ್ನು ಮರೆತಿದ್ದಾರೆ. ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕದವರು ಯಾರಿದ್ದಾರೆ? ಲಘುವಿಗೆ U, ಗುರುವಿಗೆ — ಎಂಬ ಎರಡು ಗುರುತುಗಳು. ಮೂರು ಮೂರು ಅಕ್ಷರಗಳಿಗೆ ಒಂದು ಗಣ. ಮೂರು ಸ್ಥಾನಗಳಲ್ಲಿ ಒಂದೊಂದಕ್ಕೂ ಎರಡು ಸಾಧ್ಯತೆಗಳಿರುವುದರಿಂದ 2×2×2, ಅಂದರೆ 8 ಗಣಗಳು: ಮ, ನ, ಭ, ಯ, ಜ, ರ, ಸ, ತ. ಪಿಂಗಳನು ಛಂದಶ್ಶಾಸ್ತ್ರದಲ್ಲಿ ತಿಳಿಸಿದ ಈ ವಿಧಾನವನ್ನು 10ನೆಯ ಶತಮಾನದ ಕೊನೆಯಲ್ಲಿದ್ದ ನಾಗವರ್ಮನು ಛಂದೋಂಬುಧಿಯ ಮೂಲಕ ಕನ್ನಡಕ್ಕೆ ತಂದನು.

ಈಗ ಗುರು ಇದ್ದೆಡೆ ‘ನಿಜ’ ಎಂದೂ ಲಘು ಇದ್ದೆಡೆ ‘ಸುಳ್ಳು’ ಎಂದೂ ಬರೆಯಿರಿ. ಮೂರು ಅಕ್ಷರಗಳ ಬದಲು ಕ, ಚ, ಟ ಎಂಬ ಮೂರು ಹೇಳಿಕೆಗಳನ್ನು ಇಟ್ಟುಕೊಳ್ಳಿ. ಎಂಟು ಗಣಗಳು ಹಾಗೆಯೇ ತರ್ಕಶಾಸ್ತ್ರದ ಸತ್ಯಕೋಷ್ಟಕದ ಎಂಟು ಸಾಲುಗಳಾಗುತ್ತವೆ! ಮೂರೂ ಗುರುಗಳಿರುವ ಮಗಣವೆಂದರೆ ಮೂರು ಹೇಳಿಕೆಗಳೂ ನಿಜವಾಗಿರುವ ಸಂದರ್ಭ. ಮೂರೂ ಲಘುಗಳಿರುವ ನಗಣವೆಂದರೆ ಮೂರೂ ಸುಳ್ಳಾಗಿರುವ ಸಂದರ್ಭ. ಪ್ರಸ್ತಾರ ಹಾಕಬಲ್ಲ ಹುಡುಗನಿಗೆ ಸತ್ಯಕೋಷ್ಟಕವನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಅದು ತನಗೆ ತಿಳಿದಿದೆಯೆಂದು ಅವನಿಗೆ ತಿಳಿಸಿದರೆ ಸಾಕು.

ಇನ್ನು ∧ ಮತ್ತು ∨. ಕನ್ನಡದಲ್ಲಿ ಎರಡು ಸಂಗತಿಗಳನ್ನು ಕೂಡಿಸಲು ನಾವು ಪ್ರತ್ಯೇಕ ಪದವನ್ನು ಬಳಸಲೇಬೇಕಾಗಿಲ್ಲ. ‘ಅಣ್ಣನೂ ತಮ್ಮನೂ ಬಂದರು’ ಎನ್ನುತ್ತೇವೆ. ಇಲ್ಲಿರುವ ‘ಊ’ಕಾರವನ್ನು ವೈಯಾಕರಣರು ಸಮುಚ್ಚಯವೆಂದು ಕರೆಯುತ್ತಾರೆ, ಅದೇ ∧. ‘ಅಣ್ಣನೋ ತಮ್ಮನೋ ಬಂದಿದ್ದಾನೆ’ ಎಂಬಲ್ಲಿರುವ ‘ಓ’ಕಾರವು ವಿಕಲ್ಪವನ್ನು ಸೂಚಿಸುತ್ತದೆ, ಅದೇ ∨. ಕ∧ಚ∧ಟ ಎಂಬುದನ್ನು ‘ಕವೂ ಚವೂ ಟವೂ’ ಎಂದು ಓದಿರಿ. ಮೇಲಣ ಎಂಟು ಸಾಲುಗಳಲ್ಲಿ ಅದು ಮಗಣವೊಂದರಲ್ಲಿ ಮಾತ್ರ ನಿಜ. ಕ∨ಚ∨ಟ ಎಂಬುದನ್ನು ‘ಕವೋ ಚವೋ ಟವೋ’ ಎಂದು ಓದಿರಿ. ಅದು ನಗಣವೊಂದರಲ್ಲಿ ಮಾತ್ರ ಸುಳ್ಳು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ‘ಕಾಫಿಯೋ ಚಹವೋ?’ ಎಂದು ಕೇಳಿದಾಗ ಎರಡರಲ್ಲಿ ಒಂದೇ ಎಂದು ನಾವು ಭಾವಿಸುತ್ತೇವೆ. ತರ್ಕದ ∨ ಎರಡೂ ಇರಲು ಅಡ್ಡಿಪಡಿಸುವುದಿಲ್ಲ. ಕಚೇರಿಯ ಪ್ರಕಟಣೆಯಲ್ಲಿ ‘ಪಡಿತರ ಚೀಟಿ ಅಥವಾ ಮತದಾರರ ಗುರುತಿನ ಚೀಟಿ ತರಬೇಕು’ ಎಂದಿದ್ದರೆ ಎರಡನ್ನೂ ತಂದವನನ್ನು ಹಿಂದಕ್ಕೆ ಕಳುಹಿಸುವರೇ? ತರ್ಕದ ‘ಓ’ ಈ ಬಗೆಯದು. ಭೌತವಿಜ್ಞಾನದವನಾದ ನನಗೆ ಇದಕ್ಕೆ ವಿದ್ಯುತ್ತಿನ ಸ್ವಿಚ್ಚುಗಳೇ ಉತ್ತಮ ನಿದರ್ಶನ. ಎರಡು ಸ್ವಿಚ್ಚುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ∧, ಅಕ್ಕಪಕ್ಕದಲ್ಲಿ ಕವಲಾಗಿ ಜೋಡಿಸಿದರೆ ∨. ಈ ಸಾದೃಶ್ಯವನ್ನು ಕ್ಲಾಡ್ ಶಾನನ್ 1938ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ವಿಶದಪಡಿಸಿದನು. ಇಂದಿನ ಗಣಕಗಳ ಮಂಡಲಗಳೆಲ್ಲ ಅದರ ಮೇಲೆ ನಿಂತಿವೆ.

ಇಲ್ಲಿಂದ ಮುಂದಿನ ಹೆಜ್ಜೆಯೇ ನನಗೆ ಅತ್ಯಂತ ಸ್ವಾರಸ್ಯವಾದುದು. ಪ್ರಶ್ನಾರ್ಥಕ ಪದಗಳಿಗೆ ಇದೇ ‘ಊ’, ‘ಓ’ಗಳನ್ನು ಹಚ್ಚಿ ನೋಡಿರಿ. ‘ಯಾರೋ ಬಂದರು’, ‘ಎಲ್ಲೋ ಇಟ್ಟಿದ್ದೇನೆ’, ‘ಯಾವಾಗಲೋ ಕೇಳಿದ್ದೆ’: ಇವೆಲ್ಲವೂ ‘ಅಂಥ ಒಂದು ಉಂಟು’ ಎನ್ನುತ್ತವೆ, ಅಂದರೆ ∃. ‘ಯಾರೂ ಬರಲಿಲ್ಲ’, ‘ಎಲ್ಲೂ ಸಿಗಲಿಲ್ಲ’, ‘ಯಾವಾಗಲೂ ಹೀಗೆಯೇ’, ‘ಎಲ್ಲರೂ ಬಂದರು’: ಇವು ಒಂದನ್ನೂ ಬಿಡದೆ ಎಲ್ಲಕ್ಕೂ ಅನ್ವಯಿಸುತ್ತವೆ, ಅಂದರೆ ∀. ಕೂಡಿಸುವ ‘ಊ’ಕಾರವೇ ‘ಎಲ್ಲ’ವನ್ನೂ ಹೇಳುತ್ತದೆ, ವಿಕಲ್ಪದ ‘ಓ’ಕಾರವೇ ‘ಒಂದು ಉಂಟು’ ಎಂಬುದನ್ನೂ ಹೇಳುತ್ತದೆ. ಇದು ಆಕಸ್ಮಿಕವೇ? ತರಗತಿಯಲ್ಲಿ ರಾಮ, ಭೀಮ, ಸೀತೆ ಎಂಬ ಮೂವರೇ ಇದ್ದರೆ ‘ಎಲ್ಲರೂ ಬಂದರು’ ಎಂಬುದರ ಅರ್ಥ ‘ರಾಮನೂ ಭೀಮನೂ ಸೀತೆಯೂ ಬಂದರು’ ಎಂದಷ್ಟೇ. ‘ಯಾರೋ ಬಂದರು’ ಎಂದರೆ ‘ರಾಮನೋ ಭೀಮನೋ ಸೀತೆಯೋ ಬಂದರು’. ∀ ಎಂಬುದು ಉದ್ದವಾದ ∧. ∃ ಎಂಬುದು ಉದ್ದವಾದ ∨. ಅಮೆರಿಕದ ತರ್ಕಶಾಸ್ತ್ರಜ್ಞ ಚಾರ್ಲ್ಸ್ ಪರ್ಸ್ 1885ರ ತನ್ನ ಲೇಖನದಲ್ಲಿ ‘ಎಲ್ಲ’ಕ್ಕೆ ಗುಣಲಬ್ಧದ ಗುರುತನ್ನೂ ‘ಉಂಟು’ ಎಂಬುದಕ್ಕೆ ಮೊತ್ತದ ಗುರುತನ್ನೂ ಬಳಸಿದ್ದು ಈ ಸಂಬಂಧವನ್ನು ಮನಗಂಡೇ. ಅವನು ಯೋಚಿಸಿ ಕಂಡುಕೊಂಡುದನ್ನು ನಮ್ಮ ಅಜ್ಜಿಯರು ವ್ಯಾಕರಣದ ಬಲದಿಂದ ದಿನವೂ ಆಡುತ್ತಿದ್ದರು. (‘ಯಾರಾದರೂ’ ಎಂಬ ಪದ ಮಾತ್ರ ಗಡಿಯ ಮೇಲೆ ನಿಲ್ಲುತ್ತದೆ. ‘ಯಾರಾದರೂ ಬಂದಿದ್ದಾರೆಯೇ?’ ಎಂಬಲ್ಲಿ ಅದು ∃. ‘ಈ ಬಾಗಿಲನ್ನು ಯಾರಾದರೂ ತೆರೆಯಬಹುದು’ ಎಂಬಲ್ಲಿ ∀. ವ್ಯಾಕರಣದಲ್ಲಿ ಆಸಕ್ತಿಯುಳ್ಳವರು ಇದನ್ನು ಬಿಡಿಸಬಹುದು.)

ಹಾಗಾದರೆ ಕನ್ನಡವೇ ಸಾಲದೇ, ಚಿಹ್ನೆಗಳೇಕೆ ಎಂದು ಕೇಳಬಹುದು. ಸಾಲದು, ಏಕೆಂದರೆ ನಮ್ಮ ಭಾಷೆಯಲ್ಲಿ ನಿಷೇಧವು ವಾಕ್ಯದ ಕೊನೆಯಲ್ಲಿ ಬರುತ್ತದೆ. ಕೊನೆಯಲ್ಲಿ ಬಂದ ‘ಇಲ್ಲ’ವು ಹಿಂದಿನ ಎಷ್ಟು ಭಾಗವನ್ನು ಅಲ್ಲಗಳೆಯುತ್ತದೆಂಬುದು ಅನೇಕ ವೇಳೆ ಸ್ಪಷ್ಟವಾಗುವುದಿಲ್ಲ. ನಮ್ಮ ಜಿಲ್ಲೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ‘ಎಲ್ಲ ಕೆಂಪು ಮೆಣಸಿನಕಾಯಿಗಳೂ ಖಾರವಾಗಿರುವುದಿಲ್ಲ.’ ಈ ಮಾತು ನಿಜವೋ ಸುಳ್ಳೋ? ‘ಎಲ್ಲವೂ ಖಾರ ಎಂಬುದು ನಿಜವಲ್ಲ’ ಎಂಬ ಅರ್ಥದಲ್ಲಿ ಇದು ನಿಜ. ಕಡುಗೆಂಪು ಬಣ್ಣವಿದ್ದೂ ಖಾರ ಕಡಮೆಯಿರುವ ಬ್ಯಾಡಗಿಯ ಕಾಯಿಯೇ ಅದಕ್ಕೆ ಸಾಕ್ಷಿ. ಅದು ಡಬ್ಬಿಯಾಗಿರಲಿ ಕಡ್ಡಿಯಾಗಿರಲಿ, ಅಡಿಗೆಯವರು ಅದನ್ನು ಅರಸುವುದು ಮುಖ್ಯವಾಗಿ ಬಣ್ಣಕ್ಕಾಗಿ. ‘ಯಾವ ಕೆಂಪು ಕಾಯಿಯೂ ಖಾರವಲ್ಲ’ ಎಂಬ ಅರ್ಥದಲ್ಲಿ ಅದೇ ವಾಕ್ಯ ಶುದ್ಧ ಸುಳ್ಳು. ಗುಂಟೂರಿನ ಕಾಯಿಯನ್ನು ಕಚ್ಚಿದವರಿಗೆ ಬೇರೆ ಪ್ರಮಾಣ ಬೇಡ. ಒಂದೇ ವಾಕ್ಯ, ಎರಡು ಅರ್ಥ. ಚಿಹ್ನೆಗಳಲ್ಲಿ ಈ ಗೊಂದಲಕ್ಕೆ ಎಡೆಯೇ ಇಲ್ಲ. ‘ಮ’ ಎಂಬುದು ಯಾವುದೋ ಒಂದು ಕೆಂಪು ಮೆಣಸಿನಕಾಯಿ ಎಂದಿಟ್ಟುಕೊಂಡರೆ,

¬∀ಮ ಖಾರ(ಮ)

ಎಂಬುದು ಮೊದಲ ಅರ್ಥ;

∀ಮ ¬ಖಾರ(ಮ)

ಎಂಬುದು ಎರಡನೆಯ ಅರ್ಥ. ನಿಷೇಧವು ‘ಎಲ್ಲ’ದ ಹೊರಗಿದೆಯೋ ಒಳಗಿದೆಯೋ ಎಂಬುದು ಕಣ್ಣಿಗೇ ಕಾಣುತ್ತದೆ. ಮೊದಲನೆಯದನ್ನೇ ∃ಮ ¬ಖಾರ(ಮ), ಅಂದರೆ ‘ಖಾರವಲ್ಲದ ಕಾಯಿ ಉಂಟು’ ಎಂದೂ, ಎರಡನೆಯದನ್ನು ¬∃ಮ ಖಾರ(ಮ), ಅಂದರೆ ‘ಖಾರವಾದ ಕಾಯಿ ಇಲ್ಲ’ ಎಂದೂ ಬರೆಯಬಹುದು. ನಿಷೇಧವು ಒಳಹೊಕ್ಕಾಗ ∧ ∨ ಆಗುವುದೆಂಬ, ∨ ∧ ಆಗುವುದೆಂಬ ನಿಯಮಕ್ಕೆ ಡಿ ಮಾರ್ಗನ್ನನ ಹೆಸರಿದೆ. ಈತನು 1806ರಲ್ಲಿ ಹುಟ್ಟಿದುದು ನಮ್ಮ ನೆರೆಯ ಮಧುರೆಯಲ್ಲಿ. ∀, ∃ಗಳು ಉದ್ದವಾದ ∧, ∨ಗಳೇ ಆದುದರಿಂದ ಅವಕ್ಕೂ ಅದೇ ನಿಯಮ. ‘ಅಲ್ಲ’, ‘ಇಲ್ಲ’ ಎಂದು ನಮಗೆ ಎರಡು ನಿಷೇಧಪದಗಳಿರುವುದನ್ನು ಇಲ್ಲಿ ಗಮನಿಸಿರಿ. ‘ಇದು ಬ್ಯಾಡಗಿಯ ಕಾಯಿ ಅಲ್ಲ’ ಎಂಬುದು ಎದುರಿಗಿರುವ ಒಂದು ವಸ್ತುವಿನ ಗುಣದ ನಿಷೇಧ. ‘ಇಲ್ಲಿ ಬ್ಯಾಡಗಿಯ ಕಾಯಿ ಇಲ್ಲ’ ಎಂಬುದು ¬∃. ಇಂಗ್ಲಿಷಿನ ಒಂದೇ ‘ನಾಟ್’ನಿಂದ ಕಲಿತವನಿಗಿಂತ ಕನ್ನಡಿಗನು ಇಲ್ಲಿ ಒಂದು ಹೆಜ್ಜೆ ಮುಂದಿದ್ದಾನೆ.

ವಿದ್ಯಾರ್ಥಿಗಳು ಹೆಚ್ಚು ವಾದಿಸುವುದು → ಚಿಹ್ನೆಯ ಬಗೆಗೆ. ಕ→ಚ ಎಂದರೆ ‘ಕ ಆದರೆ ಚ’. ಕ ಸುಳ್ಳಾದಾಗ ಇಡೀ ಹೇಳಿಕೆ ನಿಜವೆಂದು ಪುಸ್ತಕ ಹೇಳುತ್ತದೆ. ಇದು ಅನ್ಯಾಯವೆಂದು ಅವರಿಗೆ ತೋರುತ್ತದೆ. ರೈತನೊಬ್ಬನು ‘ಮಳೆ ಬಂದರೆ ನಾಳೆ ಬಿತ್ತುತ್ತೇನೆ’ ಎಂದು ಮಾತು ಕೊಟ್ಟನೆನ್ನಿ. ಅವನು ಯಾವಾಗ ಮಾತಿಗೆ ತಪ್ಪಿದಂತಾಯಿತು? ಮಳೆ ಬಂದು, ಬಿತ್ತದೆ ಇದ್ದಾಗ ಮಾತ್ರ. ಮಳೆಯೂ ಬಾರದೆ ಬಿತ್ತನೆಯೂ ಆಗದಿದ್ದರೆ ಅವನನ್ನು ಸುಳ್ಳುಗಾರನೆನ್ನಲಾಗದು. ಮಳೆ ಬಾರದಿದ್ದರೂ ಕೊಳವೆಬಾವಿಯ ನೀರಿನಿಂದ ಬಿತ್ತಿದನೆನ್ನಿ. ಆಗಲೂ ಮಾತು ಮುರಿದಿಲ್ಲ. ಆದುದರಿಂದ ನಾಲ್ಕರಲ್ಲಿ ಒಂದೇ ಸಾಲು ಸುಳ್ಳು. ನಮ್ಮ ಎಂಟು ಗಣಗಳ ಪಟ್ಟಿಯಲ್ಲಿ ಮೊದಲು ಗುರು, ಅದರ ಮುಂದೆ ಲಘು ಇರುವ ರಗಣ, ಭಗಣಗಳಲ್ಲಿ ಮಾತ್ರ ಕ→ಚ ಸುಳ್ಳಾಗುತ್ತದೆ. ದಿನಬಳಕೆಯ ‘ಆದರೆ’ಯಲ್ಲಿ ಕಾರಣದ ವಾಸನೆಯೂ ಇರುತ್ತದೆ, → ಚಿಹ್ನೆಯಲ್ಲಿ ಅದು ಇಲ್ಲ. ಆದರೂ ‘ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೆ ಅವನು ಸಾಲ ತೀರಿಸಿಯಾನು’ ಎಂದು ನಗೆಯಾಡುವ ನಾಡಿನವರಿಗೆ ಸುಳ್ಳಿನ ಮೇಲೆ ನಿಂತ ‘ಆದರೆ’ ಅಪರಿಚಿತವಲ್ಲ.

ಚಿಹ್ನೆಗಳು ಎಲ್ಲೆಡೆಯೂ ಒಂದೇ ಆಗಿದ್ದರೆ ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಗಣಿತದವರ ∧ ಇರ್ವಿಂಗ್ ಕೋಪಿಯ 1953ರ ಪ್ರಸಿದ್ಧ ತರ್ಕಗ್ರಂಥದಲ್ಲಿ ಒಂದು ಚುಕ್ಕೆ. → ಅಲ್ಲಿ ⊃ ಆಗಿದೆ. ¬ ಬದಲು ~ ಇದೆ. ಗಣಕವಿಜ್ಞಾನದ ಪಾಠದಲ್ಲಿ ‘ಅಥವಾ’ಕ್ಕೆ + ಗುರುತು; ಆಗ 1+1=1 ಎಂಬ ಸಾಲನ್ನು ಕಂಡು ಬೆದರದವರಿಲ್ಲ. ಇಂಥ ಅಪರಿಚಿತ ಗುರುತು ಎದುರಾದಾಗ ಏನು ಮಾಡಬೇಕು? ಶಾಬ್ದಬೋಧವನ್ನು ಕುರಿತು ನಮ್ಮ ಹಿಂದಿನವರು ಹೇಳಿದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಾಕ್ಯ ಅರ್ಥವಾಗಬೇಕಾದರೆ ಪದಗಳಿಗೆ ಪರಸ್ಪರ ಆಕಾಂಕ್ಷೆ ಇರಬೇಕು, ಯೋಗ್ಯತೆ ಇರಬೇಕು, ಸನ್ನಿಧಿ ಇರಬೇಕು ಎಂದರು ಅವರು. ‘ತಂದನು’ ಎಂದೊಡನೆ ‘ಏನನ್ನು?’ ಎಂಬ ಆಕಾಂಕ್ಷೆ ಹುಟ್ಟುತ್ತದೆ. ಚಿಹ್ನೆಗೂ ಹಾಗೆಯೇ. ∧ ಚಿಹ್ನೆಯು ತನ್ನ ಎರಡು ಪಕ್ಕಗಳಲ್ಲೂ ಹೇಳಿಕೆಗಳನ್ನು ಬೇಡುತ್ತದೆ; ¬ ಬಲಗಡೆ ಒಂದನ್ನು ಮಾತ್ರ; ∀ ತನ್ನ ಹಿಂದೆಯೇ ಒಂದು ಅಕ್ಷರವನ್ನೂ ಆಮೇಲೆ ಆ ಅಕ್ಷರವುಳ್ಳ ಹೇಳಿಕೆಯನ್ನೂ ಬಯಸುತ್ತದೆ. ‘ಬೆಂಕಿಯಿಂದ ನೆನೆಸು’ ಎಂಬುದರಲ್ಲಿ ಯೋಗ್ಯತೆಯಿಲ್ಲ. ‘5 ∧ 7’ ಎಂಬುದರಲ್ಲಿಯೂ ಇಲ್ಲ, ಏಕೆಂದರೆ 5 ಎಂಬುದು ಸಂಖ್ಯೆ, ಹೇಳಿಕೆಯಲ್ಲ. ಆವರಣಗಳು ಸನ್ನಿಧಿಯನ್ನು ಕಾಯುತ್ತವೆ. ಹೊಸ ಗುರುತಿನ ಅಕ್ಕಪಕ್ಕದಲ್ಲಿ ಏನಿದೆಯೆಂದು ನೋಡಿದರೆ ಅದು ಯಾವ ಜಾತಿಯದೆಂಬುದು ಅರ್ಧಕ್ಕರ್ಧ ತಿಳಿದುಬಿಡುತ್ತದೆ. ಉಳಿದರ್ಧಕ್ಕೆ ಆ ಗ್ರಂಥಕರ್ತನು ಅದನ್ನು ಮೊದಲು ಬಳಸಿದ ಪುಟಕ್ಕೆ ಹಿಂತಿರುಗಬೇಕು, ಬೇರೊಬ್ಬನ ಪುಸ್ತಕಕ್ಕಲ್ಲ.

ಇಷ್ಟೆಲ್ಲ ಸೂಕ್ಷ್ಮ ನೋಡಬೇಕೇ, ಪರೀಕ್ಷೆಗೆ ಇದು ಬರುವುದೇ ಎಂದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಅವರನ್ನು ನಮ್ಮೂರಿನ ಬಸ್ ನಿಲ್ದಾಣಕ್ಕೆ ಕರೆದೊಯ್ಯುತ್ತೇನೆ. ‘ಪ್ರತಿಯೊಂದು ಹಳ್ಳಿಗೂ ಒಂದು ಬಸ್ಸು ಉಂಟು’ ಎಂದರೆ ∀ಹ ∃ಬ: ಹಳ್ಳಿಯನ್ನು ಹೆಸರಿಸಿದ ಮೇಲೆ ಅದಕ್ಕೆ ತಕ್ಕ ಬಸ್ಸನ್ನು ತೋರಿಸಿದರಾಯಿತು. ‘ಪ್ರತಿಯೊಂದು ಹಳ್ಳಿಗೂ ಹೋಗುವಂಥ ಒಂದು ಬಸ್ಸು ಉಂಟು’ ಎಂದರೆ ∃ಬ ∀ಹ: ಒಂದೇ ಬಸ್ಸು ತಾಲ್ಲೂಕಿನ ಹಳ್ಳಿಗಳನ್ನೆಲ್ಲ ಸುತ್ತಬೇಕು. ಚಿಹ್ನೆಗಳು ಅವೇ; ಸ್ಥಾನಪಲ್ಲಟವಾಯಿತು, ಅರ್ಥ ಬೇರೆಯಾಯಿತು. ಇದು ಮಕ್ಕಳಾಟವೆನ್ನುವವರಿಗೆ ಫ್ರಾನ್ಸಿನ ಮಹಾಗಣಿತಜ್ಞ ಕೋಶಿಯ ಕಥೆಯನ್ನು ಹೇಳಬೇಕು. ಸಂತತ ಫಲನಗಳ ಅಭಿಸಾರಿ ಶ್ರೇಢಿಯ ಮೊತ್ತವೂ ಸಂತತವೇ ಎಂದು ಅವನು 1821ರ ತನ್ನ ಪಠ್ಯಗ್ರಂಥದಲ್ಲಿ ಬರೆದನು. 1826ರಲ್ಲಿ ತರುಣ ಆಬೆಲ್ ಇದಕ್ಕೆ ಅಪವಾದಗಳಿವೆಯೆಂದು ತೋರಿಸಿದನು. ತೊಡಕು ಎಲ್ಲಿತ್ತು? ಬೇಕಾದಷ್ಟು ನಿಖರತೆ ಸಿಗಲು ಶ್ರೇಢಿಯ ಎಷ್ಟು ಪದಗಳನ್ನು ಕೂಡಿಸಬೇಕು ಎಂಬ ಪ್ರಶ್ನೆಗೆ ‘ಪ್ರತಿಯೊಂದು ಬಿಂದುವಿಗೂ ಒಂದು ಸಂಖ್ಯೆ ಉಂಟು’ ಎಂಬ ಉತ್ತರ ಬೇರೆ, ‘ಎಲ್ಲ ಬಿಂದುಗಳಿಗೂ ಸಲ್ಲುವ ಒಂದೇ ಸಂಖ್ಯೆ ಉಂಟು’ ಎಂಬ ಉತ್ತರ ಬೇರೆ. ಹಳ್ಳಿ ಬಸ್ಸುಗಳ ಅದೇ ಭೇದ! ಮಾತಿನ ಗದ್ಯದಲ್ಲಿ ಅದು ಅಡಗಿಕೊಂಡಿತ್ತು; ಅದನ್ನು ಬಿಡಿಸಿ ಹೇಳಲು ಗಣಿತಜ್ಞರಿಗೆ ದಶಕಗಳೇ ಹಿಡಿದುವು.

ಎನ್‌ಸಿಇಆರ್‌ಟಿಯು 2022ರಲ್ಲಿ ಪಠ್ಯಭಾರವನ್ನು ತಗ್ಗಿಸಿದಾಗ 11ನೆಯ ತರಗತಿಯ ಗಣಿತದಿಂದ ಗಣಿತೀಯ ತರ್ಕದ ಅಧ್ಯಾಯವನ್ನು ಕೈಬಿಟ್ಟಿತು. ‘ಮತ್ತು’, ‘ಅಥವಾ’, ‘ಆದರೆ’, ‘ಪ್ರತಿಯೊಂದು’, ‘ಉಂಟು’ ಎಂಬ ಮಾತುಗಳನ್ನು ಬಿಡಿಸಿ ಚರ್ಚಿಸುತ್ತಿದ್ದ ಅಧ್ಯಾಯ ಅದು. ಆದರೆ ∈, ⇒, ∀ಗಳು ಉಳಿದ ಅಧ್ಯಾಯಗಳಲ್ಲಿ ಹಾಗೆಯೇ ಉಳಿದಿವೆ. ಅಕ್ಷರಮಾಲೆಯನ್ನು ತೆಗೆದುಹಾಕಿ ಗ್ರಂಥವನ್ನು ಕೈಗಿತ್ತಂತಾಯಿತು. ಆ ಕೊರತೆಯನ್ನು ತುಂಬುವ ಹೊಣೆ ಈಗ ತರಗತಿಯಲ್ಲಿ ನಿಲ್ಲುವ ನಮ್ಮ ಮೇಲಿದೆ.

ಕನ್ನಡದಲ್ಲಿ ಓದಿಸಬೇಕೆಂದಾಗ ಸಹೋದ್ಯೋಗಿಗಳು ಎತ್ತುವ ಆಕ್ಷೇಪಗಳಲ್ಲಿ, ಕನ್ನಡಕ್ಕೆ ಶಕ್ತಿ ಸಾಲದೆಂಬುದಕ್ಕೆ ಉತ್ತರ ಹೇಳುವ ಅಗತ್ಯವನ್ನೇ ನಾನು ಕಾಣೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ ಗಣಿತಗ್ರಂಥಗಳನ್ನು ಬರೆದನು. 1918ರಷ್ಟು ಹಿಂದೆಯೇ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತರುವುದರಲ್ಲಿ ಮುಂದಾಗಿದ್ದರು. ಆದರೆ ಇನ್ನೊಂದು ಆಕ್ಷೇಪದಲ್ಲಿ ತಿರುಳಿದೆ. ಚಿಹ್ನೆಗಳು ಎಡದಿಂದ ಬಲಕ್ಕೆ ಬರುವ ಕ್ರಮವು ಇಂಗ್ಲಿಷ್ ವಾಕ್ಯದ ಕ್ರಮಕ್ಕೆ ಹೊಂದುತ್ತದೆ. ಕನ್ನಡದಲ್ಲಿ ‘ಉಂಟು’, ‘ಅಲ್ಲ’ಗಳು ಕೊನೆಗೆ ಬರುವುದರಿಂದ ಸಾಲನ್ನು ಹಿಂದುಮುಂದಾಗಿ ಓದಬೇಕಾಗುತ್ತದೆ ಎಂಬುದು ಆ ಆಕ್ಷೇಪ. ಇದು ನಿಜವಾದ ತೊಡಕು. ಇದಕ್ಕೆ ನಾನು ತರಗತಿಯಲ್ಲಿ ಅನುಸರಿಸುವ ಉಪಾಯ ನಮ್ಮ ಹಳೆಯ ಕಥನಕಾರರದು. ‘ಒಂದೂರಿನಲ್ಲಿ ಒಬ್ಬ ರಾಜನಿದ್ದ, ಅವನು ಎಂಥವನೆಂದರೆ—’ ಎಂದು ಅವರು ಕಥೆಯನ್ನು ಆರಂಭಿಸುತ್ತಾರೆ. ಇರುವಿಕೆಯನ್ನು ಮೊದಲು ಹೇಳಿ ಮುಗಿಸಿ, ಗುಣವನ್ನು ಆಮೇಲೆ ಹೇಳುವ ಈ ಬಗೆ ಶುದ್ಧ ಕನ್ನಡವೇ ಆಗಿದೆ. ∃ಕ ಎಂಬುದನ್ನು ‘ಒಂದು ಕ ಉಂಟು, ಅದು ಎಂಥದೆಂದರೆ—’ ಎಂದು ಓದಿರಿ. ¬ ಬಂದಾಗ ‘ಮುಂದೆ ಹೇಳುವುದು ನಿಜವಲ್ಲ:’ ಎನ್ನಿರಿ. ∀ಕ ಬಂದಾಗ ‘ಕ ಯಾವುದೇ ಆಗಿರಲಿ,’ ಎನ್ನಿರಿ. ಎಡದಿಂದ ಬಲಕ್ಕೆ ಒಂದು ಸಲವೂ ಹಿಂದಿರುಗದೆ ಓದಿಕೊಂಡು ಹೋಗಬಹುದು.

ಪದವಿ ತರಗತಿಯವರು ಇದನ್ನು ಮಿತಿಯ ವ್ಯಾಖ್ಯೆಯ ಮೇಲೆಯೇ ಪರೀಕ್ಷಿಸಬಹುದು. ಚರವು ‘ಅ’ ಎಂಬ ಬೆಲೆಯನ್ನು ಸಮೀಪಿಸಿದಾಗ ಫಲನದ ಮಿತಿ ‘ಲ’ ಎಂಬುದರ ಅರ್ಥವೇನು? ‘ಎಪ್ಸಿಲಾನ್ ಎಂಬ ಧನಸಂಖ್ಯೆ ಎಷ್ಟೇ ಚಿಕ್ಕದಾಗಿರಲಿ, ಡೆಲ್ಟಾ ಎಂಬ ಒಂದು ಧನಸಂಖ್ಯೆ ಉಂಟು, ಅದು ಎಂಥದೆಂದರೆ, ಚರವು ಅ-ಗೆ ಸಮವಾಗದೆ ಅದರಿಂದ ಡೆಲ್ಟಾಕ್ಕಿಂತ ಕಡಮೆ ದೂರದಲ್ಲಿ ಎಲ್ಲೇ ಇರಲಿ, ಫಲನದ ಬೆಲೆಯು ಲ-ದಿಂದ ಎಪ್ಸಿಲಾನಿಗಿಂತ ಕಡಮೆ ದೂರದಲ್ಲಿರುತ್ತದೆ.’ ಹೀಗೆ ಓದಿದ ಮೇಲೆ ಪುಸ್ತಕವನ್ನು ಮುಚ್ಚಿ, ಅದೇ ವಾಕ್ಯವನ್ನು ಮತ್ತೆ ಚಿಹ್ನೆಗಳಲ್ಲಿ ಬರೆಯಿರಿ. ಆಮೇಲೆ ‘ಮಿತಿಯು ಲ ಅಲ್ಲ’ ಎಂಬುದನ್ನು ಬರೆಯಲು ಪ್ರಯತ್ನಿಸಿರಿ. ¬ ಚಿಹ್ನೆಯು ಒಂದೊಂದೇ ಹೊಸ್ತಿಲನ್ನು ದಾಟಿ ಒಳಹೊಕ್ಕಂತೆ ∀ ಇದ್ದೆಡೆ ∃, ∃ ಇದ್ದೆಡೆ ∀ ಆಗುತ್ತ ಹೋಗುವುದನ್ನು ಕಾಣುವಿರಿ. ಕೊನೆಯ ಹೊಸ್ತಿಲಿನಲ್ಲಿ → ಎದುರಾದಾಗ ಮಾತ್ರ ಮಳೆಯ ರೈತನನ್ನು ನೆನೆಯಬೇಕಾದೀತು.